ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್: ಜೈನ ದಾಯಶಾಸ್ತ್ರವನ್ನು ನ್ಯಾಯಾಲಯದ ಮುಂದಿಟ್ಟ ವಿದ್ಯಾವಾರಿಧಿ

ಜೈನಧರ್ಮದ ವಿಚಾರಗಳನ್ನು ಇಂಗ್ಲಿಷಿನಲ್ಲಿ ಬರೆದು ದೇಶವಿದೇಶಗಳ ಓದುಗರಿಗೆ ತಲುಪಿಸಿದ ಮಹನೀಯರಲ್ಲಿ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್ (1867–1942) ಅವರದು ಪ್ರಮುಖ ಹೆಸರು. ವಿದ್ಯಾವಾರಿಧಿ, ಜೈನದರ್ಶನ ದಿವಾಕರ ಎಂಬ ಬಿರುದುಗಳಿಂದ ಅವರನ್ನು ಸಮಾಜ ಗೌರವಿಸಿತು. ಅವರ ತತ್ತ್ವಗ್ರಂಥಗಳು ಜೈನ ಗ್ರಂಥಾಲಯಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಆದರೆ 1926ರಲ್ಲಿ ಅವರು ಪ್ರಕಟಿಸಿದ ‘ಜೈನ ಲಾ’ ಎಂಬ ಗ್ರಂಥವನ್ನು ನೆನೆಯುವವರು ಕಡಿಮೆ. ಆಸ್ತಿಯ ಪಾಲು, ವಾರಸು, ದತ್ತು, ಸ್ತ್ರೀಧನ, ಜೀವನಾಂಶ ಮೊದಲಾದ ವಿಷಯಗಳಲ್ಲಿ ಜೈನ ಗ್ರಂಥಗಳು ಏನು ಹೇಳುತ್ತವೆ ಎಂಬುದನ್ನು ವಕೀಲರೂ ನ್ಯಾಯಾಧೀಶರೂ ಓದಿ ಬಳಸಬಹುದಾದ ರೂಪದಲ್ಲಿ ಮುಂದಿಟ್ಟ ಕೃತಿ ಅದು. ಅದರ ಹಿಂದೆ ಒಬ್ಬ ವಕೀಲರ ವೃತ್ತಿಜ್ಞಾನವೂ ಒಬ್ಬ ಶ್ರಾವಕರ ಸ್ವಾಧ್ಯಾಯವೂ ಕೂಡಿಕೊಂಡಿದ್ದವು.

ದೆಹಲಿ, ಲಂಡನ್, ಹರ್ದೋಯಿ

ಚಂಪತ್ ರಾಯ್ ಅವರು ಹುಟ್ಟಿದ್ದು 1867ರಲ್ಲಿ, ದೆಹಲಿಯ ದಿಗಂಬರ ಜೈನ ಕುಟುಂಬವೊಂದರಲ್ಲಿ. 1892ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋದರು. ಬ್ಯಾರಿಸ್ಟರ್ ಆಗಿ 1897ರಲ್ಲಿ ಸ್ವದೇಶಕ್ಕೆ ಮರಳಿದರು. ಸಮುದ್ರ ದಾಟಿ ಹೋಗುವುದನ್ನೇ ಹಲವರು ಒಪ್ಪದಿದ್ದ ಕಾಲ ಅದು. ಮುಂದೆ ಅವಧ್ ಪ್ರಾಂತದ ಹರ್ದೋಯಿಯಲ್ಲಿ ವಕೀಲಿ ವೃತ್ತಿ ನಡೆಸಿ ಹೆಸರು ಗಳಿಸಿದರು.

ಅವರು ಹರೆಯದಿಂದಲೇ ಶಾಸ್ತ್ರಾಭ್ಯಾಸಿಗಳಾಗಿದ್ದವರಲ್ಲ. ಧರ್ಮದ ಕಡೆಗೆ ಅವರ ಮನಸ್ಸು ಗಟ್ಟಿಯಾಗಿ ತಿರುಗಿದ್ದು ನಡುವಯಸ್ಸಿನಲ್ಲಿ. ಬೇರೆ ಬೇರೆ ಮತಗಳ ಗ್ರಂಥಗಳನ್ನೂ ಪಾಶ್ಚಾತ್ಯ ವಿಜ್ಞಾನ, ಮನಶ್ಶಾಸ್ತ್ರಗಳನ್ನೂ ಓದಿ, ಹೋಲಿಸಿ ನೋಡುವುದು ಅವರ ಪದ್ಧತಿಯಾಗಿತ್ತು. ಆ ಓದಿನ ಫಲವಾಗಿ 1915ರಲ್ಲಿ ‘ದಿ ಕೀ ಆಫ್ ನಾಲೆಜ್’ ಎಂಬ ಬೃಹತ್ ಗ್ರಂಥ ಹೊರಬಂತು. 1917ರಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವನ್ನು ‘ದಿ ಹೌಸ್‌ಹೋಲ್ಡರ್ಸ್ ಧರ್ಮ’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. 1921ರಲ್ಲಿ ‘ದಿ ಕಾನ್‌ಫ್ಲುಯೆನ್ಸ್ ಆಫ್ ಆಪೊಸಿಟ್ಸ್’, 1929ರಲ್ಲಿ ಭಗವಾನ್ ಋಷಭದೇವರನ್ನು ಕುರಿತ ಪುಸ್ತಕ ಪ್ರಕಟವಾದವು.

ಶ್ರಾವಕಾಚಾರವನ್ನು ಅನುವಾದಿಸಿದ ಕೈಯೇ ದಾಯಶಾಸ್ತ್ರವನ್ನೂ ಬರೆದದ್ದರಲ್ಲಿ ಒಂದು ಹೊಂದಿಕೆಯಿದೆ. ಗೃಹಸ್ಥನು ಹೇಗೆ ಗಳಿಸಬೇಕು, ಎಷ್ಟರಲ್ಲಿ ತೃಪ್ತನಾಗಬೇಕು, ಯಾರಿಗೆ ದಾನ ಮಾಡಬೇಕು ಎಂಬುದು ಶ್ರಾವಕಾಚಾರದ ವಿಷಯ. ಅವನು ಕಣ್ಣುಮುಚ್ಚಿದ ಮೇಲೆ ಆ ಗಳಿಕೆ ಯಾರ ಕೈಸೇರಬೇಕು ಎಂಬುದು ದಾಯಶಾಸ್ತ್ರದ ವಿಷಯ.

ಪುತ್ರನಿಲ್ಲದ ಶ್ರಾವಿಕೆಯ ಆಸ್ತಿ

ಚಂಪತ್ ರಾಯ್ ಅವರು ವಕೀಲರಾಗಿದ್ದ ಕಾಲದಲ್ಲಿ ಜೈನ ಮನೆತನಗಳ ಆಸ್ತಿ ವ್ಯಾಜ್ಯಗಳು ಮತ್ತೆ ಮತ್ತೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿದ್ದವು. ಗಂಡುಮಕ್ಕಳಿಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಅವನ ಆಸ್ತಿಯ ಮೇಲೆ ಎಂಥ ಹಕ್ಕು?

ಅಂದಿನ ಹಿಂದೂ ಕಾನೂನಿನ ಪ್ರಕಾರ ವಿಧವೆಗೆ ಸಿಗುತ್ತಿದ್ದುದು ಸೀಮಿತ ಹಕ್ಕು. ಬದುಕಿರುವವರೆಗೆ ಆಸ್ತಿಯ ಉತ್ಪನ್ನವನ್ನು ಅವಳು ಅನುಭವಿಸಬಹುದಿತ್ತು. ಕಾನೂನು ಒಪ್ಪುವ ಅಗತ್ಯವಿದ್ದ ಹೊರತು ಅದನ್ನು ಮಾರುವಂತಿರಲಿಲ್ಲ. ಆ ಆಸ್ತಿಯನ್ನು ಕುರಿತು ಉಯಿಲು ಬರೆದಿಡುವ ಅಧಿಕಾರವೂ ಅವಳಿಗಿರಲಿಲ್ಲ. ಅವಳು ತೀರಿಕೊಂಡ ಕೂಡಲೇ ಆಸ್ತಿ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತಿತ್ತು. ಬಸದಿಗೊಂದು ಹೊಲ ಬಿಟ್ಟುಕೊಟ್ಟರೆ, ಧರ್ಮಶಾಲೆಗೆಂದು ಮನೆ ಬರೆದುಕೊಟ್ಟರೆ, ಆ ದಾನ ಸಿಂಧುವಲ್ಲ ಎಂದು ದಾಯಾದಿಗಳು ದಾವೆ ಹೂಡಲು ದಾರಿ ಇತ್ತು. ಗಂಡನ ಅನುಮತಿಯಿಲ್ಲದೆ ಮಗನನ್ನು ದತ್ತು ತೆಗೆದುಕೊಳ್ಳುವುದಕ್ಕೂ ಹಲವು ಪ್ರಾಂತಗಳಲ್ಲಿ ಅಡ್ಡಿಯಿತ್ತು.

ಉತ್ತರ ಭಾರತದ ಅಗರ್ವಾಲ್ ಮೊದಲಾದ ಜೈನ ಮನೆತನಗಳಲ್ಲಿ ರೂಢಿ ಬೇರೆಯಾಗಿತ್ತು. ಅಲ್ಲಿ ಪುತ್ರನಿಲ್ಲದ ವಿಧವೆ ಗಂಡನ ಆಸ್ತಿಯ ಒಡತಿ. ಯಾರ ಅನುಮತಿಯನ್ನೂ ಕೇಳದೆ ಅವಳು ದತ್ತು ತೆಗೆದುಕೊಳ್ಳಬಹುದಿತ್ತು. ಶಿವಸಿಂಗ್ ರಾಯ್ ಮತ್ತು ದಾಖೋ ಎಂಬವರ ನಡುವಿನ ವ್ಯಾಜ್ಯದಲ್ಲಿ ಈ ರೂಢಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಬೇರೆ ಬೇರೆ ಊರುಗಳ ಜೈನ ಮುಖಂಡರ ಸಾಕ್ಷ್ಯ ಆ ವ್ಯಾಜ್ಯದಲ್ಲಿ ದಾಖಲಾಗಿತ್ತು. 1878ರಲ್ಲಿ ಬಂದ ತೀರ್ಪು ಆಕೆಯ ಪರವಾಗಿತ್ತು. ಗಂಡನ ಸ್ವಯಾರ್ಜಿತ ಆಸ್ತಿಯ ಮೇಲೆ ಆಕೆಗೆ ಪೂರ್ಣ ಹಕ್ಕಿದೆ, ದತ್ತು ತೆಗೆದುಕೊಳ್ಳಲು ಗಂಡನ ಅಪ್ಪಣೆ ಬೇಕಿಲ್ಲ ಎಂದು ಪ್ರಿವಿ ಕೌನ್ಸಿಲ್ ಒಪ್ಪಿಕೊಂಡಿತು.

ಅದೇ ವರ್ಷ ಇನ್ನೊಂದು ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ ಹಾಕಿಕೊಟ್ಟ ನಿಯಮ ಬಿಗಿಯಾಗಿತ್ತು. ವಿಶೇಷ ರೂಢಿಯನ್ನು ಸಾಕ್ಷ್ಯಸಮೇತ ತೋರಿಸಿದರೆ ಸರಿ, ತೋರಿಸದಿದ್ದರೆ ಜೈನರಿಗೂ ಹಿಂದೂ ಕಾನೂನೇ ಅನ್ವಯ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ವ್ಯವಹಾರದಲ್ಲಿ ಅದರ ಹೊರೆ ಬೀಳುತ್ತಿದ್ದುದು ಗಂಡನನ್ನು ಕಳೆದುಕೊಂಡ ಹೆಣ್ಣಿನ ಮೇಲೆ. ತನ್ನ ಸಮುದಾಯದಲ್ಲಿ ಹೀಗೊಂದು ರೂಢಿ ಇದೆ ಎಂಬುದನ್ನು ಅವಳೇ ಸಾಬೀತು ಮಾಡಬೇಕಿತ್ತು. ಹಿರಿಯರನ್ನು ಹುಡುಕಿ ಸಾಕ್ಷಿಗೆ ಕರೆತರಬೇಕು, ಹಳೆಯ ಉದಾಹರಣೆಗಳನ್ನು ಕಲೆಹಾಕಬೇಕು, ವರ್ಷಗಟ್ಟಲೆ ಖರ್ಚು ಹೊರಬೇಕು. ಒಂದು ಪ್ರಾಂತದಲ್ಲಿ ಸಾಬೀತಾದ ರೂಢಿಯನ್ನು ಇನ್ನೊಂದು ಪ್ರಾಂತದ ಕೋರ್ಟು ಒಪ್ಪಬೇಕೆಂದಿರಲಿಲ್ಲ.

ವಿಚಿತ್ರವೆಂದರೆ ಉಯಿಲಿನ ಕಾನೂನಿನಲ್ಲಿ ಜೈನರ ಹೆಸರು ಮೊದಲಿನಿಂದಲೂ ಇತ್ತು. 1870ರ ಹಿಂದೂ ವಿಲ್ಸ್ ಕಾಯ್ದೆ ಬಂಗಾಳದ ಕೆಳಭಾಗಕ್ಕೂ ಮದ್ರಾಸ್, ಬೊಂಬಾಯಿ ನಗರಗಳಿಗೂ ಅನ್ವಯಿಸುವಾಗ ಹಿಂದೂಗಳ ಜೊತೆಗೆ ಜೈನ, ಸಿಖ್, ಬೌದ್ಧರನ್ನು ಬೇರೆಬೇರೆಯಾಗಿ ಹೆಸರಿಸಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಹಾಗೆಯೇ ಹೆಸರಿಸಿತು. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ಯಾರಿಗೆ ಎಂಬುದು ಮಾತ್ರ ಕಾಯ್ದೆಯಲ್ಲಿ ಸೇರದೆ ತೀರ್ಪುಗಳ ಪಾಲಾಗಿ ಉಳಿಯಿತು.

ಸಂಶೋಧನೆ ಮುಂದೆ, ನ್ಯಾಯಾಲಯ ಹಿಂದೆ

ಜೈನರು ಹಿಂದೂಗಳಲ್ಲೇ ಭಿನ್ನಮತ ತಳೆದು ಬೇರೆಯಾದವರು ಎಂಬ ಅಭಿಪ್ರಾಯದ ಮೇಲೆ ಈ ತೀರ್ಪುಗಳು ನಿಂತಿದ್ದವು. 1873ರಲ್ಲಿ ಬೊಂಬಾಯಿ ಹೈಕೋರ್ಟು ಭಗವಾನ್‌ದಾಸ್ ತೇಜಮಲ್ ಮೊಕದ್ದಮೆಯಲ್ಲಿ ಈ ಅಭಿಪ್ರಾಯವನ್ನು ಎತ್ತಿಹಿಡಿದಿತ್ತು. ಆ ಕಾಲದ ಯುರೋಪಿಯನ್ ಇತಿಹಾಸಕಾರರ ಪುಸ್ತಕಗಳಲ್ಲಿ ಇದ್ದುದೂ ಅದೇ ಬಗೆಯ ಮಾತು. ಜೈನಧರ್ಮವನ್ನು ಬೌದ್ಧಧರ್ಮದ ಕವಲು ಎಂದೇ ಕೆಲವರು ಬರೆದಿದ್ದರು.

ಕೆಲವೇ ವರ್ಷಗಳಲ್ಲಿ ವಿದ್ವತ್ ಲೋಕದ ತಿಳಿವಳಿಕೆ ಬದಲಾಯಿತು. ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿ ಅವರು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿ ಪ್ರಕಟಿಸಿದರು. ಜೈನಧರ್ಮ ಬೌದ್ಧಧರ್ಮದಿಂದ ಹುಟ್ಟಿದ್ದಲ್ಲ, ಅದರದು ಸ್ವತಂತ್ರವಾದ ಪ್ರಾಚೀನ ಪರಂಪರೆ ಎಂಬುದನ್ನು ಅವರು ಆಧಾರಸಹಿತ ತೋರಿಸಿದರು. ಅಲ್ಲಿಂದಾಚೆಗೆ ವಿಶ್ವವಿದ್ಯಾಲಯಗಳಲ್ಲಿ ಹಳೆಯ ವಾದ ಬಿದ್ದುಹೋಯಿತು. ಆದರೆ ನ್ಯಾಯಾಲಯಗಳು ಹಿಂದಿನ ತೀರ್ಪನ್ನು ಹಿಡಿದು ಮುಂದಿನ ತೀರ್ಪು ಬರೆಯುತ್ತವೆ. ವಿದ್ವಾಂಸರು ಏನು ಕಂಡುಕೊಂಡರು ಎಂಬುದನ್ನು ಯಾರಾದರೂ ಪುಸ್ತಕವಾಗಿ, ವಾದವಾಗಿ ನ್ಯಾಯಪೀಠದ ಮುಂದೆ ಇಡದ ಹೊರತು ನ್ಯಾಯಾಧೀಶರಿಗೆ ಅದು ತಲುಪುವುದಿಲ್ಲ. ಯುರೋಪಿನ ಗ್ರಂಥಾಲಯದಲ್ಲಿದ್ದ ಸಂಶೋಧನೆಯಿಂದ ಇಲ್ಲಿನ ಶ್ರಾವಿಕೆಯ ಮೊಕದ್ದಮೆಗೆ ಆ ದಿನಗಳಲ್ಲಿ ಯಾವ ನೆರವೂ ಸಿಗಲಿಲ್ಲ.

ಭಂಡಾರದೊಳಗಿನ ಗ್ರಂಥಗಳು

ಜೈನರಿಗೆ ತಮ್ಮದೇ ಆದ ಕಾನೂನು ಇಲ್ಲವೆಂದು ಕೋರ್ಟುಗಳು ತಿಳಿದದ್ದಕ್ಕೆ ಚಂಪತ್ ರಾಯ್ ಅವರು ಕಂಡುಕೊಂಡ ಕಾರಣ ಸಮಾಜಕ್ಕೆ ಕಹಿಯೆನಿಸುವಂಥದು. ಬ್ರಿಟಿಷರ ಆಳ್ವಿಕೆ ಬಂದು ಹೊಸ ನ್ಯಾಯಾಲಯಗಳು ತೆರೆದಾಗ ಹಿಂದೂಗಳೂ ಮುಸಲ್ಮಾನರೂ ತಮ್ಮ ಧರ್ಮಶಾಸ್ತ್ರಗಳನ್ನು ಮುಂದಿಟ್ಟರು. ಅವು ಅನುವಾದಗೊಂಡು ಅಚ್ಚಾದವು. ಜೈನರು ಮಾತ್ರ ತಮ್ಮ ಶಾಸ್ತ್ರಗಳನ್ನು ಹೊರಗೆ ತರಲಿಲ್ಲ. ಕೋರ್ಟಿಗೆ ಒಯ್ದರೆ ಜಿನವಾಣಿಗೆ ಅವಿನಯವಾದೀತು ಎಂಬ ಭಯ, ಅಚ್ಚು ಹಾಕಿಸುವುದೇ ತಪ್ಪೆಂಬ ಭಾವನೆ ಹಲವರಲ್ಲಿತ್ತು. ಭಂಡಾರದ ಬಾಗಿಲು ತೆರೆಯದೆ ಇದ್ದಾಗ ನ್ಯಾಯಾಧೀಶರು ಬೇರೆಯವರ ಗ್ರಂಥಗಳನ್ನು ನೋಡಿಯೇ ಜೈನರ ವ್ಯಾಜ್ಯಗಳನ್ನು ತೀರ್ಮಾನಿಸಿದರು.

ಗ್ರಂಥಗಳನ್ನು ಜೋಪಾನವಾಗಿ ಕಾಪಾಡಿದ ಶ್ರದ್ಧೆ ದೊಡ್ಡದು. ಆ ಶ್ರದ್ಧೆಯಿಂದಲೇ ಎಷ್ಟೋ ಕೃತಿಗಳು ನಮಗೆ ಉಳಿದಿವೆ. ಜೈನ ಪರಂಪರೆಯಲ್ಲಿ ಶಾಸ್ತ್ರವನ್ನು ಕಾಪಾಡುವಷ್ಟೇ ಮಹತ್ವ ಅದನ್ನು ಹಂಚುವುದಕ್ಕೂ ಇದೆ. ಗಂಡನನ್ನು ಕಳೆದುಕೊಂಡ ಮೇಲೆ ದಾನಧರ್ಮಗಳಲ್ಲಿ ಬಾಳು ಸವೆಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ನಾಡಿನ ಪ್ರತಿಯೊಬ್ಬ ಜೈನರಿಗೂ ಗೊತ್ತಿರುವ ವಿಷಯ. ಇಪ್ಪತ್ತನೆಯ ಶತಮಾನದಲ್ಲಿ ಆ ಶಾಸ್ತ್ರದಾನ ಅಚ್ಚಿನ ಮೂಲಕ ನಡೆಯಬೇಕಾಗಿತ್ತು.

ಈ ದಾರಿಯಲ್ಲಿ ಚಂಪತ್ ರಾಯ್ ಅವರಿಗಿಂತ ಮೊದಲು ಹೆಜ್ಜೆ ಇಟ್ಟವರು ಜುಗ್‌ಮಂದರ್ ಲಾಲ್ ಜೈನಿ. ಅವರೂ ಇಂಗ್ಲೆಂಡಿನಲ್ಲಿ ಕಲಿತ ಬ್ಯಾರಿಸ್ಟರ್. ಮುಂದೆ ಇಂದೂರಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರಾದರು. ಭದ್ರಬಾಹು ಸಂಹಿತೆಯಲ್ಲಿನ ದಾಯಭಾಗವನ್ನು ಅವರು ಇಂಗ್ಲಿಷ್ ಅನುವಾದದೊಂದಿಗೆ 1916ರಲ್ಲಿ ಪ್ರಕಟಿಸಿದರು. ಬಿಹಾರದ ಆರಾ ಪಟ್ಟಣದ ಸೆಂಟ್ರಲ್ ಜೈನ ಪಬ್ಲಿಷಿಂಗ್ ಹೌಸ್ ಅದನ್ನು ಹೊರತಂದಿತು. ಒಂದೇ ಗ್ರಂಥದ ಒಂದು ಭಾಗವಾದರೂ ಜೈನ ದಾಯಶಾಸ್ತ್ರ ಇಂಗ್ಲಿಷ್ ಬಲ್ಲ ವಕೀಲರ ಕೈಗೆ ಸಿಕ್ಕಿತು.

1926ರ ಗ್ರಂಥ

ಡಾ. ಹರಿಸಿಂಗ್ ಗೌರ್ ಅವರ ‘ಹಿಂದೂ ಕೋಡ್’ ಎಂಬ ದೊಡ್ಡ ಕಾನೂನು ಗ್ರಂಥ ಬಂದಾಗ ಅದರಲ್ಲಿ ಜೈನರನ್ನು ಹಳೆಯ ರೀತಿಯಲ್ಲೇ ಹಿಂದೂಗಳ ಭಿನ್ನಮತೀಯರೆಂದು ವಿವರಿಸಲಾಗಿತ್ತು. ಜೈನ ಸಮಾಜದಲ್ಲಿ ಅದಕ್ಕೆ ವಿರೋಧ ವ್ಯಕ್ತವಾಯಿತು. ಠರಾವುಗಳಿಂದ ಕೆಲಸ ಆಗದು, ಆಧಾರಗಳನ್ನು ಕೊಡಬೇಕು ಎಂಬುದನ್ನು ಚಂಪತ್ ರಾಯ್ ಅವರು ಅರಿತಿದ್ದರು. ‘ಜೈನ ಲಾ’ ಸಿದ್ಧವಾದದ್ದು ಈ ಹಿನ್ನೆಲೆಯಲ್ಲಿ.

ಭದ್ರಬಾಹು ಸಂಹಿತೆ, ಅರ್ಹನ್ನೀತಿ, ವರ್ಧಮಾನನೀತಿ, ಇಂದ್ರನಂದಿ ಜಿನಸಂಹಿತೆ, ತ್ರೈವರ್ಣಿಕಾಚಾರ ಮೊದಲಾದ ಗ್ರಂಥಗಳಿಂದ ದಾಯಕ್ಕೆ ಸಂಬಂಧಿಸಿದ ಭಾಗಗಳನ್ನು ಅವರು ಆರಿಸಿ ತೆಗೆದರು. ರಾಷ್ಟ್ರಕೂಟರ ಕಾಲದಲ್ಲಿ ಜಿನಸೇನಾಚಾರ್ಯರು ರಚಿಸಿದ ಆದಿಪುರಾಣವೂ ಆಧಾರಗಳಲ್ಲಿ ಸೇರಿದೆ. ದತ್ತು, ವಿಭಾಗ, ವಾರಸಿನ ಕ್ರಮ, ಸ್ತ್ರೀಧನ, ಜೀವನಾಂಶ ಎಂದು ವಿಷಯವಾರು ವಿಂಗಡಿಸಿ, ಪ್ರತಿಯೊಂದು ನಿಯಮದ ಪಕ್ಕದಲ್ಲಿ ಅದು ಯಾವ ಗ್ರಂಥದಿಂದ ಬಂದದ್ದು ಎಂದು ತೋರಿಸಿದರು. ಕೋರ್ಟಿನ ತೀರ್ಪುಗಳನ್ನೂ ಜೊತೆಗಿಟ್ಟರು. ವಾದ ಮಾಡುವ ವಕೀಲ ಪುಟ ತೆರೆದು ತೋರಿಸುವಂತೆ, ತೀರ್ಪು ಬರೆಯುವವರು ಮೂಲವನ್ನು ತಾಳೆ ನೋಡುವಂತೆ ಪುಸ್ತಕ ಸಿದ್ಧವಾಯಿತು. ಮುಂದೆ ಹಿಂದಿಯಲ್ಲೂ ಅದು ಬಂತು.

ಪುಸ್ತಕದ ಮುಖ್ಯ ಅಂಶ ಹೆಂಡತಿಯ ಸ್ಥಾನ. ಅರ್ಹನ್ನೀತಿ ಹೇಳುವ ವಾರಸುದಾರರ ಸಾಲಿನಲ್ಲಿ ಮೊದಲ ಹೆಸರು ಹೆಂಡತಿಯದು, ಮಗನದು ಅನಂತರ. ಗಂಡನ ಆಸ್ತಿ ಅವಳಿಗೆ ಬರುವುದು ಒಡತಿಯಾಗಿ. ಮನೆಯನ್ನು ನಡೆಸಿದವಳ ಕೈಯಲ್ಲಿ ಆಸ್ತಿ ಇದ್ದರೆ ಮಕ್ಕಳು ಹಾದಿ ತಪ್ಪದೆ ಅವಳ ಮಾತಿನಲ್ಲಿರುತ್ತಾರೆ, ಮುಪ್ಪಿನಲ್ಲಿ ಅವಳು ಪರರ ಹಂಗಿಗೆ ಬೀಳುವುದಿಲ್ಲ ಎಂಬ ವಿಚಾರವನ್ನು ಚಂಪತ್ ರಾಯ್ ಅವರು ಇದರ ಬೆಂಬಲಕ್ಕೆ ತಂದರು.

ಈ ನಿಯಮಕ್ಕೆ ಕರ್ಮಸಿದ್ಧಾಂತದಲ್ಲೇ ಬೇರಿದೆ. ವೈದಿಕ ಪರಂಪರೆಯಲ್ಲಿ ಪಿಂಡಪ್ರದಾನಕ್ಕೆ ಮಗ ಬೇಕು. ವಾರಸಿನ ಹಕ್ಕಿಗೂ ಪಿಂಡದ ಹಕ್ಕಿಗೂ ಅಲ್ಲಿ ನಂಟಿದೆ. ಜೈನ ಸಿದ್ಧಾಂತದ ಪ್ರಕಾರ ಜೀವವು ತಾನು ಕಟ್ಟಿಕೊಂಡ ಕರ್ಮಕ್ಕೆ ತಕ್ಕಂತೆ ಮುಂದಿನ ಗತಿಗೆ ಹೋಗುತ್ತದೆ. ಮಗ ಇಟ್ಟ ಪಿಂಡದಿಂದ ಅದಕ್ಕೆ ಸದ್ಗತಿ ದೊರೆಯುವುದಿಲ್ಲ, ಮಗನಿಲ್ಲವೆಂದು ದುರ್ಗತಿಯೂ ಬರುವುದಿಲ್ಲ. ಆದ್ದರಿಂದ ದತ್ತು ಎಂಬುದು ಜೈನರಲ್ಲಿ ಮನೆತನದ ವ್ಯವಹಾರವೇ ಹೊರತು ಪರಲೋಕಕ್ಕೆ ಸಂಬಂಧಿಸಿದ ಸಂಸ್ಕಾರವಲ್ಲ. ವಿಧವೆ ತಾನೇ ದತ್ತು ತೆಗೆದುಕೊಳ್ಳಬಹುದು, ಮದುವೆಯಾದವನನ್ನೂ ದತ್ತು ತೆಗೆದುಕೊಳ್ಳಬಹುದು ಎಂಬ ರೂಢಿಗಳು ಬಂದದ್ದು ಇಲ್ಲಿಂದ. ಪ್ರಿವಿ ಕೌನ್ಸಿಲ್ 1910ರಲ್ಲಿ ರೂಪಚಂದ್ ಮತ್ತು ಜಂಬೂ ಪ್ರಸಾದ್ ಅವರ ವ್ಯಾಜ್ಯದಲ್ಲಿ ಮದುವೆಯಾದವನ ದತ್ತನ್ನು ಎತ್ತಿಹಿಡಿದಿತ್ತು. 1925ರಲ್ಲಿ ಧನರಾಜ್ ಮತ್ತು ಸೋನಿಬಾಯಿ ಅವರ ವ್ಯಾಜ್ಯದಲ್ಲೂ ವಿಧವೆ ಮಾಡಿಕೊಂಡ ದತ್ತಿನ ಹಕ್ಕನ್ನು ಒಪ್ಪಿತ್ತು. ಬಿಡಿಬಿಡಿಯಾಗಿ ರೂಢಿಯೆಂದು ಸಾಬೀತಾಗುತ್ತಿದ್ದ ಈ ಸಂಗತಿಗಳು ಒಂದೇ ಸಿದ್ಧಾಂತದಿಂದ ಹುಟ್ಟಿದವು ಎಂಬುದನ್ನು ಚಂಪತ್ ರಾಯ್ ಅವರ ಗ್ರಂಥ ಸ್ಪಷ್ಟಪಡಿಸಿತು.

ಎದ್ದ ಪ್ರಶ್ನೆಗಳು

ಗ್ರಂಥವನ್ನು ಎಲ್ಲರೂ ಒಪ್ಪಿದರೆಂದಲ್ಲ. ಭದ್ರಬಾಹು ಸಂಹಿತೆ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳ ಹೆಸರು ಹೊತ್ತಿದ್ದರೂ ಈಗ ದೊರೆಯುವ ರೂಪ ಬಹಳ ತಡವಾದ ಕಾಲದ್ದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹೇಮಚಂದ್ರಾಚಾರ್ಯರ ಹೆಸರಿನ ಅರ್ಹನ್ನೀತಿಯ ಕರ್ತೃತ್ವದ ಬಗೆಗೂ ಚರ್ಚೆಯಿದೆ. ಈ ಗ್ರಂಥಗಳ ನಿಯಮಗಳನ್ನು ಜೈನ ಸಮುದಾಯಗಳು ನಿಜವಾಗಿ ಪಾಲಿಸುತ್ತಿದ್ದವೇ ಎಂಬುದು ಕೋರ್ಟುಗಳು ಎತ್ತಬಹುದಾದ ಇನ್ನೊಂದು ಪ್ರಶ್ನೆ.

ಕರಾವಳಿ ಕರ್ನಾಟಕವೇ ಇದಕ್ಕೆ ಒಳ್ಳೆಯ ಉದಾಹರಣೆ. ತುಳುನಾಡಿನ ಅನೇಕ ಜೈನ ಮನೆತನಗಳು ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿದ್ದವು. ಅಲ್ಲಿ ವಂಶ ನಡೆಯುವುದು ಹೆಣ್ಣಿನ ಕಡೆಯಿಂದ. ಆಸ್ತಿ ಕುಟುಂಬದ್ದು, ಕವರುಗಳದ್ದು. ಗಂಡನ ಆಸ್ತಿಗೆ ಹೆಂಡತಿ ಮೊದಲ ವಾರಸುದಾರಳೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಅದೇ ರೂಪದಲ್ಲಿ ಏಳುವುದೇ ಇಲ್ಲ. ಜಿನಪೂಜೆ, ವ್ರತನಿಯಮಗಳಲ್ಲಿ ಒಂದೇ ಆಗಿದ್ದ ದಿಗಂಬರ ಜೈನರು ಆಸ್ತಿಯ ವಿಷಯದಲ್ಲಿ ದೆಹಲಿಯಲ್ಲೊಂದು ರೀತಿ, ಮೂಡುಬಿದಿರೆಯಲ್ಲೊಂದು ರೀತಿ ನಡೆದುಕೊಳ್ಳುತ್ತಿದ್ದರು. ಇಡೀ ಭಾರತದ ಜೈನರಿಗೆ ಒಂದೇ ದಾಯಶಾಸ್ತ್ರ ಎಂಬ ಆಶಯಕ್ಕೆ ಈ ವೈವಿಧ್ಯ ಸುಲಭವಾಗಿ ಒಗ್ಗುವಂಥದಾಗಿರಲಿಲ್ಲ.

ಆದರೂ ಅವರ ಕೆಲಸದ ಬೆಲೆ ಇದರಿಂದ ಕುಗ್ಗುವುದಿಲ್ಲ. ಮೂಲಗಳು ಅಚ್ಚಾಗಿ ಎಲ್ಲರ ಕೈಗೆ ಬಂದ ಮೇಲೆಯೇ ಅವುಗಳ ಕಾಲ, ಕರ್ತೃ, ಪ್ರಾಮಾಣ್ಯಗಳನ್ನು ಪರೀಕ್ಷಿಸಲು ಸಾಧ್ಯ. ಒಪ್ಪುವವರಿಗೂ ಒಪ್ಪದವರಿಗೂ ಚಂಪತ್ ರಾಯ್ ಅವರು ಒಂದೇ ಆಧಾರವನ್ನು ಒದಗಿಸಿದರು.

ಮದ್ರಾಸ್ ಮತ್ತು ಬೊಂಬಾಯಿಯ ತೀರ್ಪುಗಳು

1927ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಗಟ್ಟೆಪ್ಪ ಮತ್ತು ಈರಮ್ಮ ಎಂಬವರ ವ್ಯಾಜ್ಯ ಬಂತು. ಜೈನ ವಿಧವೆಯ ದತ್ತಿನ ಹಕ್ಕು ಅದರಲ್ಲಿ ಚರ್ಚೆಗೆ ಬಂದ ವಿಷಯ. ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿ ಅವರು ತೀರ್ಪಿನಲ್ಲಿ ಆಧುನಿಕ ಸಂಶೋಧನೆಯನ್ನು ಪ್ರಸ್ತಾಪಿಸಿದರು. ಜೈನರು ಹಿಂದೂಗಳಿಂದ ಒಡೆದು ಹೋದವರಲ್ಲ, ಅವರ ಧರ್ಮ ಬಹು ಪ್ರಾಚೀನವಾದದ್ದು ಎಂಬುದು ಸಂಶೋಧನೆಯಿಂದ ತಿಳಿದಿದೆ ಎಂದು ಅವರು ದಾಖಲಿಸಿದರು. ಹಿಂದಿನ ತೀರ್ಪುಗಳ ಕಟ್ಟು ಇಲ್ಲದಿದ್ದರೆ ತಾವು ಜೈನರ ಗ್ರಂಥಗಳನ್ನೇ ಆಧಾರವಾಗಿ ಹಿಡಿಯುವ ಕಡೆಗೆ ಒಲಿಯುತ್ತಿದ್ದುದಾಗಿಯೂ ಸೂಚಿಸಿದರು. ಯಾಕೋಬಿ ಅವರ ಕಲ್ಪಸೂತ್ರ ಪ್ರಕಟವಾಗಿ ಆಗಲೇ 48 ವರ್ಷ ಕಳೆದಿತ್ತು.

1939ರಲ್ಲಿ ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿ ರಾಂಗಣೇಕರ್ ಅವರು ಹೀರಾಚಂದ್ ಗಂಗಜಿ ಮೊಕದ್ದಮೆಯಲ್ಲಿ ಇದೇ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಜೈನರು ಮೂಲತಃ ಹಿಂದೂಗಳಾಗಿದ್ದು ಆಮೇಲೆ ಮತಾಂತರಗೊಂಡವರು ಎಂದು ತಿಳಿಯುವುದು ತಪ್ಪು ಎಂದರು. ಚಂಪತ್ ರಾಯ್ ಅವರು ಆಗ ಬದುಕಿದ್ದರು. ಅವರಿಗೆ 72 ವರ್ಷ.

ಕನ್ನಡ ಜೈನರಿಗೆ ಈ ಎರಡೂ ತೀರ್ಪುಗಳು ದೂರದವಲ್ಲ. ಆಗ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಮದ್ರಾಸ್ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದವು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳು ಬೊಂಬಾಯಿ ಹೈಕೋರ್ಟಿಗೆ ಸೇರಿದ್ದವು. ಅಲ್ಲಿನ ಬಸದಿಗಳ, ಶ್ರಾವಕ ಮನೆತನಗಳ ಆಸ್ತಿ ವ್ಯಾಜ್ಯಗಳಿಗೆ ಈ ಹೈಕೋರ್ಟುಗಳ ಮಾತೇ ಪ್ರಮಾಣ.

ಸಮಾಜಸೇವೆ ಮತ್ತು ವಿದೇಶ ಪ್ರವಾಸ

ಗ್ರಂಥರಚನೆಯ ಜೊತೆಗೆ ಚಂಪತ್ ರಾಯ್ ಅವರು ಸಮಾಜದ ಕೆಲಸಗಳಲ್ಲೂ ತೊಡಗಿಕೊಂಡಿದ್ದರು. 1923ರಲ್ಲಿ ಸ್ಥಾಪನೆಯಾದ ಅಖಿಲ ಭಾರತವರ್ಷೀಯ ದಿಗಂಬರ ಜೈನ ಪರಿಷತ್ತಿನ ಸ್ಥಾಪಕರಲ್ಲಿ ಅವರು ಮುಖ್ಯರು. ಸುಧಾರಣೆಯ ದೃಷ್ಟಿಯುಳ್ಳ ಸಂಸ್ಥೆಯಾಗಿ ಅದು ಬೆಳೆಯಿತು. ಸಮ್ಮೇದ ಶಿಖರ್ಜಿಯನ್ನು ಕುರಿತ ವ್ಯಾಜ್ಯ ಪ್ರಿವಿ ಕೌನ್ಸಿಲ್‌ವರೆಗೆ ಹೋದಾಗ ದಿಗಂಬರ ಸಮಾಜದ ಪರವಾಗಿ ತಮ್ಮ ಕಾನೂನು ಜ್ಞಾನವನ್ನು ಧಾರೆಯೆರೆದರು. ತೀರ್ಥಕ್ಷೇತ್ರದ ಹಕ್ಕಿಗೂ ಮನೆತನದ ಆಸ್ತಿಯ ಹಕ್ಕಿಗೂ ಕೋರ್ಟು ಕೇಳುವುದು ದಾಖಲೆಯನ್ನೇ ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಯುರೋಪಿನ ಹಲವು ದೇಶಗಳಲ್ಲಿ ಸಂಚರಿಸಿ ಜೈನಧರ್ಮದ ಬಗ್ಗೆ ಉಪನ್ಯಾಸ ಕೊಟ್ಟರು. 1930ರಲ್ಲಿ ಲಂಡನ್ನಿನಲ್ಲಿ ಋಷಭ ಜೈನ ಲೆಂಡಿಂಗ್ ಲೈಬ್ರರಿಯನ್ನು ಆರಂಭಿಸಿದರು. ಜೈನಧರ್ಮವನ್ನು ಕುರಿತು ಓದಬೇಕೆನ್ನುವವರು ಪುಸ್ತಕವನ್ನು ಎರವಲು ಪಡೆದು, ಮನೆಗೆ ಒಯ್ದು ಓದಲು ಅಲ್ಲಿ ಅವಕಾಶವಿತ್ತು. ಪುಸ್ತಕ ಬರೆಯುವುದರ ಜೊತೆಗೆ ಓದುಗರ ಕೈಗೆ ಅದನ್ನು ತಲುಪಿಸುವ ವ್ಯವಸ್ಥೆಯೂ ಬೇಕೆಂಬುದು ಅವರ ನಿಲುವಾಗಿತ್ತು.

ಅನಂತರದ ಕಾನೂನು

ಚಂಪತ್ ರಾಯ್ ಅವರು 1942ರಲ್ಲಿ ನಿಧನರಾದರು. ಜೈನರಿಗೆ ಪ್ರತ್ಯೇಕ ದಾಯಶಾಸ್ತ್ರ ಬೇಕೆಂಬ ಅವರ ಬಯಕೆ ಕೈಗೂಡಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ದತ್ತು ಮತ್ತು ಜೀವನಾಂಶ ಕಾಯ್ದೆಯೂ ಜೈನರಿಗೂ ಅನ್ವಯವಾದವು. ಜೈನರನ್ನು ಆ ಕಾಯ್ದೆಗಳು ಹೆಸರಿಸಿಯೇ ತಮ್ಮ ವ್ಯಾಪ್ತಿಗೆ ತೆಗೆದುಕೊಂಡಿವೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನ ಸಮುದಾಯವನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದ ಮೇಲೂ ಆಸ್ತಿ, ವಾರಸುಗಳ ವಿಷಯದಲ್ಲಿ ಈ ಕಾಯ್ದೆಗಳೇ ನಡೆಯುತ್ತಿವೆ.

ಆದರೆ ಅವರು ಯಾವ ಹಕ್ಕಿಗಾಗಿ ಆಧಾರಗಳನ್ನು ಒಟ್ಟುಗೂಡಿಸಿದರೋ ಆ ಹಕ್ಕು ಬೇರೊಂದು ದಾರಿಯಿಂದ ಬಂತು. 1937ರ ಕಾಯ್ದೆ ವಿಧವೆಗೆ ಪಾಲು ಕೊಟ್ಟಿತಾದರೂ ಅದನ್ನು ಸೀಮಿತ ಹಕ್ಕಾಗಿಯೇ ಇಟ್ಟಿತ್ತು. 1956ರ ಕಾಯ್ದೆಯ 14ನೆಯ ಕಲಮು ಆ ಮಿತಿಯನ್ನು ತೆಗೆದುಹಾಕಿತು. ಹೆಣ್ಣಿನ ವಶದಲ್ಲಿರುವ ಆಸ್ತಿಗೆ ಸಾಮಾನ್ಯವಾಗಿ ಅವಳು ಪೂರ್ಣ ಒಡತಿ. ಅವಳು ಮಾರಬಹುದು, ದಾನ ಮಾಡಬಹುದು, ಉಯಿಲು ಬರೆಯಬಹುದು, ಟ್ರಸ್ಟಿಗೆ ಬಿಡಬಹುದು. ವಿಧವೆ ತಾನೇ ದತ್ತು ತೆಗೆದುಕೊಳ್ಳುವುದಕ್ಕೂ ಕಾನೂನಿನ ಮನ್ನಣೆ ದೊರೆಯಿತು. ಪುತ್ರನಿಲ್ಲದ ಜೈನ ಶ್ರಾವಿಕೆ 1878ರಲ್ಲಿ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಪಡೆದುಕೊಂಡಿದ್ದನ್ನು 78 ವರ್ಷಗಳ ಮೇಲೆ ಈ ಕಾಯ್ದೆಗಳು ತಮ್ಮ ವ್ಯಾಪ್ತಿಯ ಹೆಣ್ಣುಮಕ್ಕಳಿಗೆಲ್ಲ ಕೊಟ್ಟವು.

ತುಳುನಾಡಿನ ಪದ್ಧತಿಯೂ ಕಾಯ್ದೆಯ ಕಣ್ಣಿಗೆ ಬಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಕವರುಗಳ ನಡುವೆ ಆಸ್ತಿಯ ಪಾಲಿಗೆ ದಾರಿಯಾಗಿತ್ತು. ಅಳಿಯಸಂತಾನದ ಕುಟುಂಬ ಅಥವಾ ಕವರಿನಲ್ಲಿ ಒಬ್ಬರಿಗಿರುವ ಪಾಲನ್ನು ಅವರು ಉಯಿಲಿನ ಮೂಲಕ ಬಿಟ್ಟುಕೊಡಬಹುದೆಂದು 1956ರ ಕಾಯ್ದೆಯ 30ನೆಯ ಕಲಮು ಸ್ಪಷ್ಟಪಡಿಸಿದೆ. ಕುಟುಂಬ, ಕವರು ಎಂಬ ನಮ್ಮ ನಾಡಿನ ಮಾತುಗಳೇ ಆ ಕೇಂದ್ರ ಕಾಯ್ದೆಯಲ್ಲಿ ಸೇರಿವೆ.

ಇಂದು ಉಯಿಲು ಬರೆಯುವ ಶ್ರಾವಕ ಶ್ರಾವಿಕೆಯರು, ಬಸದಿಯ ದತ್ತಿಗೆ ಹಣ ತೆಗೆದಿಡುವ ಮನೆತನಗಳು ‘ಜೈನ ಲಾ’ ಗ್ರಂಥವನ್ನು ನೋಡಿ ವ್ಯವಹರಿಸುವ ಅಗತ್ಯವಿಲ್ಲ. ಜಾರಿಯಲ್ಲಿರುವ ಕಾಯ್ದೆಯನ್ನು ತಿಳಿದ ವಕೀಲರ ಸಲಹೆಯೇ ಅವರಿಗೆ ಬೇಕಾದದ್ದು. ಆದರೆ ಹಳೆಯ ಮನೆತನಗಳಲ್ಲಿ ಮಕ್ಕಳಿಲ್ಲದ ಅಜ್ಜಿಯರು ಬರೆಸಿದ ದತ್ತುಪತ್ರಗಳೂ ದಾನಪತ್ರಗಳೂ ಈಗಲೂ ಪೆಟ್ಟಿಗೆಗಳಲ್ಲಿರುವುದುಂಟು. 1956ಕ್ಕಿಂತ ಹಿಂದಿನ ಆ ಕಾಗದಗಳ ಅರ್ಥ ತಿಳಿಯಬೇಕಾದವರಿಗೆ, ಜೈನ ಸಮಾಜದ ಇತಿಹಾಸವನ್ನು ಬರೆಯುವವರಿಗೆ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್ ಅವರ ಗ್ರಂಥ ನೂರು ವರ್ಷಗಳ ಮೇಲೂ ಉಪಯೋಗಕ್ಕೆ ಬರುತ್ತದೆ.